ಗಾಳಿಯ ಚಾವಣಿ ಕುಸಿದ ಮಧ್ಯಾಹ್ನ

ಮಂಡ್ಯದ ನಮ್ಮ ವಿಶ್ವವಿದ್ಯಾಲಯಕ್ಕೆ ಆ ಒಳಾಂಗಣ ಕ್ರೀಡಾಂಗಣ ಬಂದದ್ದು ಲಾರಿಯಲ್ಲಿ, ಜಮಖಾನದಂತೆ ಸುತ್ತಿಕೊಂಡು. ನಾನು ಅಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿ. ದಪ್ಪ ಬಿಳಿ ಬಟ್ಟೆಯ ಅಂಚನ್ನು ನೆಲಕ್ಕೆ ಬಿಗಿದು, ದೊಡ್ಡ ಫ್ಯಾನುಗಳಿಂದ ಗಾಳಿ ತುಂಬಿದರು. ಸಂಜೆಯೊಳಗೆ ಮೂರು ಶಟಲ್ ಕೋರ್ಟುಗಳ ಮೇಲೆ ಚಾವಣಿ ಎದ್ದು ನಿಂತಿತು. ಕಂಬವಿಲ್ಲ, ತೊಲೆಯಿಲ್ಲ; ಹಗಲೂ ರಾತ್ರಿ ಫ್ಯಾನು ತಿರುಗುತ್ತಿರಬೇಕು, ಅಷ್ಟೆ. ಕಬ್ಬಿನ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದವನೊಬ್ಬ, "ಇದೇನ್ಲಾ, ಬರೀ ಗಾಳೀಲೇ ನಿಂತದೆ!" ಎಂದು ಜೊತೆಯವನಿಗೆ ಹೇಳಿದ್ದು ಕೇಳಿ ನಕ್ಕಿದ್ದೆ.

ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಮದ್ದೂರು, ಮಳವಳ್ಳಿ ಕಡೆಯ ಹುಡುಗಿಯರೂ ಅಭ್ಯಾಸಕ್ಕೆ ಬರುತ್ತಿದ್ದರು. ಒಳಗೆ ಗುಡಿಸಿ ಒರೆಸುತ್ತಿದ್ದಾಕೆ ಮಳವಳ್ಳಿ ಹತ್ತಿರದ ಹಳ್ಳಿಯವಳು. ಫ್ಯಾನಿನ ಸದ್ದು ಕೊಂಚ ಬದಲಾದರೂ ನಮಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ತಂಡದ ಆಯ್ಕೆ ನಡೆಯುತ್ತಿತ್ತು. ಒಳಗೆ ಇಪ್ಪತ್ತಮೂರು ಹುಡುಗಿಯರು. ಬಿರುಗಾಳಿ ಎದ್ದು ಕರೆಂಟು ಹೋಯಿತು. ತಾನಾಗಿ ಶುರುವಾಗಬೇಕಿದ್ದ ಜನರೇಟರು ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು.

"ಮೇಡಮ್ಮೋರೆ, ಮಕ್ಳ ಆಚೆ ಕಳ್ಸಿ," ಎಂದಳು ಗುಡಿಸುವಾಕೆ.

ಫ್ಯಾನು ನಿಂತರೂ ಅರ್ಧ ಗಂಟೆ ಭಯವಿಲ್ಲ ಎಂದು ಕಟ್ಟಿದವರು ಹೇಳಿದ್ದರು. ಬಿಳಿ ಬಟ್ಟೆಯಿಂದ ಬೆಳಕೂ ಸಾಕಷ್ಟಿತ್ತು. "ಇನ್ನು ಮೂರೇ ಪಾಯಿಂಟು, ಮುಗಿಸಲಿ," ಎಂದೆ.

"ಆಟ ಆಳಾಗೋಗ್ಲಿ ಬುಡಿ! ಮೇಲೆ ನೋಡ್ರವ್ವ!"

ನೋಡಿದೆ. ಚಾವಣಿ ನಡುವೆ ಗುಳಿ ಬಿದ್ದು, ದೀಪಗಳು ನಮ್ಮ ತಲೆಯತ್ತ ಇಳಿದು ತೂಗಾಡುತ್ತಿದ್ದವು. ಅಷ್ಟರಲ್ಲಿ ಆ ತುದಿಯ ಹೊಲಿಗೆ ಪರ್‍ರನೆ ಹರಿಯಿತು. ಗಾಳಿ ಸೋರದಂತೆ ಇಟ್ಟಿದ್ದ ತಿರುಗುವ ಬಾಗಿಲಲ್ಲಿ ಒಮ್ಮೆಗೆ ಇಬ್ಬರಷ್ಟೇ ಹೋಗಬಹುದು. ತುರ್ತು ಬಾಗಿಲನ್ನು ಒದ್ದು ತೆರೆದೆ. ಒಳಗಿನ ಗಾಳಿ ಭರ್ರೆಂದು ನುಗ್ಗಿ ಹುಡುಗಿಯರನ್ನು ತಾನೇ ಹೊರಗೆ ತಳ್ಳಿತು. ಚಾವಣಿ ಇನ್ನೂ ಬೇಗ ಇಳಿಯತೊಡಗಿತು.

ಹೊರಗೆ ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ.

"ಮಿಸ್, ಆ ಮದ್ದೂರಿನವಳು ಒಳಗೆ ಮೂಲೆ ಪರದೆ ಹಿಂದೆ ಬಟ್ಟೆ ಬದಲಾಯಿಸೋಕೆ ಹೋಗಿದ್ಳು," ಎಂದಳು ಒಬ್ಬಳು.

ನಾನು ತಿರುಗುವಷ್ಟರಲ್ಲಿ ಗುಡಿಸುವಾಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿಯಾಗಿತ್ತು. ಅವಳ ಹಿಂದೆಯೇ ಇಡೀ ಚಾವಣಿ ನೆಲಕ್ಕೆ ಬಿತ್ತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಚಪ್ಪಟೆಯಾಗಿ ಬಿದ್ದ ಬಟ್ಟೆಯಲ್ಲಿ ಒಂದು ಕಡೆ ಮಾತ್ರ ಉಬ್ಬಿತ್ತು. ಹುಲ್ಲು ಕೊಯ್ಯುವುದು ಬಿಟ್ಟು ಓಡಿಬಂದಿದ್ದ ಮಾಲಿಯ ಕೈಯಿಂದ ಕುಡುಗೋಲು ಕಿತ್ತುಕೊಂಡು, ಬಟ್ಟೆಯ ಮೇಲೆ ಬಿದ್ದು ಎದ್ದು ಅಲ್ಲಿಗೆ ಹೋಗಿ ಸೀಳಿದೆ. ಕೆಳಗೆ ಅಂಪೈರ್ ಕೂರುವ ಎತ್ತರದ ಕಬ್ಬಿಣದ ಕುರ್ಚಿ. ಅದರ ಕಾಲುಗಳ ನಡುವೆ ಇಬ್ಬರೂ ಅಪ್ಪಿಕೊಂಡು ಕುಳಿತಿದ್ದರು. ಹುಡುಗಿಯ ತುಟಿ ಬಿಳಿಚಿತ್ತು.

"ಏನೂ ಆಗಿಲ್ಲ ಕಣವ್ವ, ನೀರು ಕೊಡಿ," ಎಂದಳು ಆಕೆ.

ಮರುದಿನ ವಿಚಾರಣೆಗೆ ಬಂದ ಅಧಿಕಾರಿ ಮೊದಲು ಕೇಳಿದ್ದು, "ಅಷ್ಟು ಒಳ್ಳೆ ಬಟ್ಟೆ ಯಾಕ್ರೀ ಕುಯ್ದ್ರಿ?" ಎಂದು. ಹುಡುಗಿಯರನ್ನು ಮೊದಲೇ ಏಕೆ ಹೊರಗೆ ಕಳಿಸಲಿಲ್ಲ ಎಂದು ಯಾರೂ ಕೇಳಲೇ ಇಲ್ಲ. ನಾನೇ ಬರೆದುಕೊಟ್ಟೆ: ಆಕೆ ಎಚ್ಚರಿಸಿದ್ದಳು, ನಾನು ಆಟ ಮುಂದುವರಿಸಿದೆ. ನನಗೆ ನೋಟಿಸು ಬಂತು. ಆ ಬಟ್ಟೆಯನ್ನು ಮತ್ತೆ ಎಬ್ಬಿಸಲಿಲ್ಲ. ಈಗ ಅಲ್ಲಿ ತಗಡಿನ ಶೆಡ್ಡಿದೆ.

ಒಂದು ವಾರದ ಮೇಲೆ ಮದ್ದೂರಿನಿಂದ ಆ ಹುಡುಗಿಯ ತಾಯಿ ಬಂದರು. ಗುಡಿಸುವಾಕೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಕೆಗೂ ನಾಚಿಕೆಯಾಯಿತೇನೋ.

"ಕೂತ್ಕಳಿ ಕಣಕ್ಕ, ಬಿಸ್ಲಲ್ಲಿ ಬಂದಿದ್ದೀರಿ," ಎಂದು ಮರದಡಿ ಜಾಗ ಮಾಡಿಕೊಟ್ಟಳು.