ರಾಕ್ ಹಾಡಿನ ಕಾಡುಜನ, ಮಂಜನ ಚಿಪ್ಪು

ಹಳೇ ಇಂಗ್ಲಿಷ್ ರಾಕ್ ಹಾಡುಗಳ ವಿಡಿಯೋದಲ್ಲಿ ಗಂಡಸರಿಗೆ ಯಾವಾಗಲೂ ಚಳಿ, ಹೆಂಗಸರಿಗೆ ಯಾವಾಗಲೂ ಸೆಕೆ. ಗಂಡಸು ಕುತ್ತಿಗೆವರೆಗೂ ಚರ್ಮದ ಕೋಟು ಹಾಕಿ ಗಿಟಾರು ಬಾರಿಸುತ್ತಾನೆ. ಪಕ್ಕದಲ್ಲಿ ನಿಂತ ಹೆಂಗಸಿನ ಮೈಮೇಲೆ ಕರ್ಚೀಫಿಗಾಗುವಷ್ಟೂ ಬಟ್ಟೆ ಇರುವುದಿಲ್ಲ. ಇಬ್ಬರೂ ನಿಂತಿರುವುದು ಒಂದೇ ರಸ್ತೆಯಲ್ಲಿ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಇದರ ಪಾಠ ಮುಂದೆ ಎಲ್ಲಾದರೂ ಇತ್ತೇನೋ ಗೊತ್ತಿಲ್ಲ.

ನಾನು ಇವನ್ನೆಲ್ಲ ನೋಡಿದ್ದು ತುರುವೇಕೆರೆಯ ರಫೀಕ್ ಭಾಯಿಯ ಟೈಲರ್ ಅಂಗಡಿಯಲ್ಲಿ. ಊರಿಗೆ ಆಗತಾನೇ ಕೇಬಲ್ ಟಿವಿ ಬಂದಿತ್ತು. ತೆಂಗಿನಕಾಯಿ ಸುಲಿಯುವ ಕೆಲಸ ಮುಗಿಸಿ ನಾನು, ನನ್ನ ಜೊತೆ ಸುಲಿಯುವ ಮಂಜ, ಕೊಬ್ಬರಿ ವ್ಯಾಪಾರಿಯ ಮಗ ಶಿವು, ಮೂವರೂ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದೆವು. ಒಂದು ಹಾಡಿನಲ್ಲಿ ಹೆಂಗಸೊಬ್ಬಳು ಕಾರು ತೊಳೆಯುತ್ತಲೇ ಇದ್ದಳು. ರಫೀಕ್ ಭಾಯಿ ಮಿಷನ್ ನಿಲ್ಲಿಸದೆ ಹೇಳಿದರು: "ಸೋಪೆಲ್ಲಾ ಆಯಮ್ಮನ ಮೈಗೇ ಆಯ್ತು. ಕಾರು ಹಂಗೇ ಐತೆ ನೋಡ್ರಪ್ಪಾ."

ಕಪ್ಪಗಿರುವವರ ಕಥೆ ಇನ್ನೊಂದು. ಅವರ ಕೈಗೆ ಭರ್ಜಿ ಕೊಡುತ್ತಾರೆ, ಇಲ್ಲವೇ ಡೋಲು. ಮೈಕು ಕೊಡುವುದಿಲ್ಲ. ನಮ್ಮ ದೇಶ ತೋರಿಸಿದರೆ ಆನೆ, ಹಾವು, ಗಡ್ಡದ ಸನ್ಯಾಸಿ. ನಾನು ಒಂದು ದಿನವೂ ಆನೆ ಮೇಲೆ ಹೋದವನಲ್ಲ, ಮಾಯಸಂದ್ರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋದವನು.

ಒಂದು ಹಾಡನ್ನು ಮಾತ್ರ ನಾವು ಬಿಡದೆ ನೋಡಿದೆವು. ಅದರಲ್ಲಿ ತೆಂಗಿನಮರಗಳಿದ್ದವು. ದ್ವೀಪವೊಂದಕ್ಕೆ ಬಿಳಿ ಹಾಡುಗಾರ ಬಂದು ಇಳಿಯುತ್ತಾನೆ. ಕಪ್ಪು ಕಾಡುಜನ ತೆಂಗಿನ ಗರಿ ಸುತ್ತಿಕೊಂಡು, ಕಣ್ಣು ಹೊರಳಿಸಿ ಕುಣಿಯುತ್ತಾರೆ. ಅವನು ಗಿಟಾರು ಬಾರಿಸಿದ ತಕ್ಷಣ ಎಲ್ಲರೂ ಕಾಲಿಗೆ ಬೀಳುತ್ತಾರೆ. ಎದೆಗೆ ತೆಂಗಿನ ಚಿಪ್ಪು ಕಟ್ಟಿಕೊಂಡ ಹುಡುಗಿ ನಗುತ್ತಾ ಅವನ ಹಿಂದೆ ಹೋಗುತ್ತಾಳೆ. ಅಷ್ಟೊಂದು ಮರವಿದ್ದರೂ ಒಬ್ಬನಾದರೂ ಒಂದು ಕಾಯಿ ಕೀಳಲಿಲ್ಲ. ತೆಂಗು ಇರುವ ಕಡೆ ಜನ ಹೀಗೆ ಬದುಕುತ್ತಾರೆ ಅಂತ ಅವರಿಗೆ ಯಾರು ಹೇಳಿದರೋ.

ಇಷ್ಟೆಲ್ಲ ಬೈದುಕೊಂಡು, ಗಣಪತಿ ಕಾರ್ಯಕ್ರಮಕ್ಕೆ ಅದನ್ನೇ ಕುಣಿಯುವುದು ಅಂತ ತೀರ್ಮಾನ ಮಾಡಿದೆವು. ಶಿವು ಬೆಳ್ಳಗಿದ್ದ, ಹಾಡುಗಾರನಾದ. ನಾನು ಕಾಡುಜನರ ನಾಯಕನಾದೆ.

"ಮಿಕ್ಕೋರ್ಗೆಲ್ಲಾ ಮಸಿ ಬಳೀಬೇಕು. ನಿಂಗೆ ಅದೂ ಬ್ಯಾಡ ಬುಡ್ಲಾ," ಅಂದ ಶಿವು.

ನನಗೆ ನಗು ಬರಲಿಲ್ಲ. ಆಗ ನೊಣವಿನಕೆರೆಯ ಭಾಗ್ಯಳನ್ನು ನೋಡಿ ಬಂದಿದ್ದೆ. ನನಗೆ ಅವಳು ಒಪ್ಪಿಗೆಯಾಗಿದ್ದಳು. ಅವಳಪ್ಪ ಮಾತ್ರ "ಹುಡ್ಗ ಸ್ವಲ್ಪ ಕಪ್ಪಾಯ್ತು" ಅಂದವರು ಆಮೇಲೆ ಉತ್ತರವನ್ನೇ ಕಳಿಸಿರಲಿಲ್ಲ.

ಚಿಪ್ಪಿನ ಹುಡುಗಿಯ ಪಾತ್ರಕ್ಕೆ ಯಾವ ಮನೆಯವರೂ ಮಗಳನ್ನು ಕಳಿಸುವುದಿಲ್ಲ. ಹಾಗಾಗಿ ಮಂಜ. ಚಿಪ್ಪು ಆರಿಸುವಾಗ ನಮ್ಮ ಕಸುಬು ಕೈ ತಡೆಯಿತು. ಒಂದೇ ಕಾಯಿಯ ಎರಡು ಹೋಳು ಜೋಡಿಯಾಗುವುದಿಲ್ಲ; ಒಂದಕ್ಕೆ ಮೂರು ಕಣ್ಣಿರುತ್ತವೆ, ಇನ್ನೊಂದು ಬೋಳು. ಸಮನಾದ ಎರಡು ಕಾಯಿಯೇ ಬೇಕು. ರಾಶಿಗಟ್ಟಲೆ ಕಾಯಿ ಮುಂದೆ ಕೂತು, ಒಂದೊಂದನ್ನೂ ಕೈಯಲ್ಲಿ ತೂಗಿ, ಜಗಳವಾಡಿ ಆರಿಸಿದೆವು. ಕಟ್ಟಿಕೊಳ್ಳುವವನನ್ನು ಯಾರೂ ಏನೂ ಕೇಳಲಿಲ್ಲ. ರಫೀಕ್ ಭಾಯಿ ತೂತು ಹೊಡೆದು ಪಟ್ಟಿ ಹೊಲಿದು ಕೊಟ್ಟರು.

ಕಟ್ಟಿಕೊಂಡ ಮೇಲೆ ಮಂಜನ ಮುಖ ಬದಲಾಯಿತು.

"ಲೇ, ಕೆರೀತದೆ ಕಣ್ಲಾ. ಉಸ್ರಾಡಕ್ಕೂ ಆಗಲ್ಲ. ಆ ಹುಡ್ಗಿ ಇದನ್ನ ಕಟ್ಕಂಡು ಹೆಂಗ್ಲಾ ನಗ್ತಿದ್ಲು?"

"ದುಡ್ಡು ಕೊಟ್ಟಿರ್ತಾರೆ," ಅಂದೆ.

"ಎಷ್ಟ್ ಕೊಟ್ರೂ ನಗು ಬರಾಕಿಲ್ಲ ಇದ್ರಲ್ಲಿ."

ಕಾರ್ಯಕ್ರಮದ ದಿನ ಗರಿ ಸುತ್ತಿಕೊಂಡು ಪರದೆಯ ಸಂದಿಯಲ್ಲಿ ಇಣುಕಿದರೆ, ಮುಂದಿನ ಸಾಲಿನಲ್ಲೇ ಭಾಗ್ಯ. ಅವಳ ಎರಡೂ ಪಕ್ಕದಲ್ಲಿ ಅಪ್ಪ, ಅವ್ವ. ನೆಂಟರ ಮನೆಗೆ ಬಂದವರು ಹಾಗೇ ಬಂದು ಕೂತಿದ್ದರು. ಓಡಿಹೋಗೋಣ ಅಂದರೆ ಹಾಡು ಶುರುವಾಯಿತು.

ಕುಣಿದೆವು. ಶಿವು ಗಿಟಾರು ಬಾರಿಸಿದ. ಮಸಿ ಬಳಿದವರೆಲ್ಲ ದಬದಬ ಬಿದ್ದರು. ನಾನು ಬೀಳಲಿಲ್ಲ.

"ಬೀಳ್ಲಾ!" ಅಂದ ಶಿವು, ಹಲ್ಲು ಕಚ್ಚಿಕೊಂಡು.

"ಬೀಳಲ್ಲ ಹೋಗ್ಲಾ."

"ವಿಡಿಯೋದಾಗೆ ಬಿದ್ರಲ್ಲೋ!"

"ಅವ್ರ ಮಾವ ಮುಂದೆ ಕೂತಿರ್ಲಿಲ್ಲ."

ಹಾಡು ಮುಗಿಯುವವರೆಗೂ ಭರ್ಜಿ ಹಿಡಿದುಕೊಂಡು ತೋಟ ಕಾಯುವವನ ಥರ ನಿಂತೇ ಇದ್ದೆ. ಜನ ಮಂಜನಿಗೆ ಶಿಳ್ಳೆ ಹೊಡೆದರು. ನನ್ನ ಮದುವೆ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮಾರನೇ ವಾರ ನೊಣವಿನಕೆರೆಯಿಂದ ಒಪ್ಪಿಗೆ ಬಂತು. ತಲೆಬಾಗದೆ ನಿಂತೆನಲ್ಲ, ಮಾವನವರು ಅದಕ್ಕೇ ಮೆಚ್ಚಿದ್ದಾರೆ ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮದುವೆಯಾದ ಮೇಲೆ ಭಾಗ್ಯಳಿಗೂ ಹೇಳಿದೆ. ಅವಳು ಕಾಯಿ ತುರಿಯುತ್ತಿದ್ದಳು.

"ನಮ್ಮಪ್ಪ ನಿಮ್ಮನ್ನೆಲ್ಲಿ ನೋಡ್ತು ಕಣ್ರೀ? ಹಾಡು ಮುಗಿಯಗಂಟ ಮಂಜಣ್ಣನ್ನೇ ನೋಡ್ತಾ ಕೂತಿತ್ತು. ಮನೆಗೋದ್ಮೇಲೆ ಮತ್ತೆ ‘ಹುಡ್ಗ ಕಪ್ಪು’ ಅಂತ ಶುರು ಮಾಡ್ತು. ‘ಅಲ್ಲಿ ಕುಣಿದೋರಲ್ಲಿ ಹುಡ್ಗ ಯಾವನು ಹೇಳಪ್ಪಾ’ ಅಂದೆ. ಚಿಪ್ಪು ಕಟ್ಟಿದ್ದೋರ್ನ ಬಿಟ್ರೆ ಇನ್ಯಾರೂ ನೆಪ್ಪಿರ್ಲಿಲ್ಲ ಅದಕ್ಕೆ. ನಮ್ಮವ್ವ ತಿರುಗಿ ಅಪ್ಪನ ಮುಖ ನೋಡ್ತು. ಆಗಿಂದ ಬಣ್ಣದ ಮಾತೇ ಎತ್ತಿಲ್ಲ."

ಇಷ್ಟು ದಿನ ನನ್ನ ಬಣ್ಣವೇ ದೊಡ್ಡ ಅಡ್ಡಿ ಅಂದುಕೊಂಡಿದ್ದೆ. ಆವತ್ತು ಅದನ್ನು ನೋಡುವುದಕ್ಕೆ ಮಾವನವರಿಗೆ ಪುರುಸೊತ್ತೇ ಇರಲಿಲ್ಲ.