ಅಜ್ಜ ಕೈ ಸಡಿಲಿಸಿದ ಕಾಲು

ಮೊನ್ನೆ ಕಾಲು ಚಾಚಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದೆ. ಟಿವಿಯಲ್ಲಿ ಕಬಡ್ಡಿ ನೋಡುತ್ತಿದ್ದ ಕಿರಿಯ ಮೊಮ್ಮಗಳು ಎದ್ದು ಬಂದವಳೇ ನನ್ನ ಕಾಲಿನ ಹರಡನ್ನು ಗಪ್ಪನೆ ಹಿಡಿದಳು. ನಾನು ಚೀರಿದ್ದಕ್ಕೆ ಹೆದರಿ ಬಿಟ್ಟಳು. ಮೊರದ ಅಕ್ಕಿಯೆಲ್ಲ ನೆಲಕ್ಕೆ. ಅಜ್ಜಿ ಇಷ್ಟಕ್ಕೇ ನಡುಗಿದಳೆಂದು ಮೊಮ್ಮಕ್ಕಳು ನೀವೆಲ್ಲ ನಕ್ಕಿರಿ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಇಂದಿಗೂ ಬಾರದು. ಊರ ಶಾಲೆಯಲ್ಲಿ ಕಲಿತ ಅಕ್ಷರ ಇದೆಯಲ್ಲ, ಚೀರಿದ್ದೇಕೆಂದು ಬರೆಯುತ್ತೇನೆ.

ಎಂಬತ್ತರ ದಶಕದಲ್ಲಿ ನಿಮ್ಮ ಅಜ್ಜ ಕೂಲಿಗೆ ಕಬಡ್ಡಿ ಆಡುತ್ತಿದ್ದರು. ಸಿಂಧನೂರಿನವರು, ಲಿಂಗಸುಗೂರಿನವರು ಸಾಲಗುಂದದ ನಮ್ಮ ಮನೆಗೇ ಬಂದು ವೀಳ್ಯ ಕೊಡುತ್ತಿದ್ದರು. ಯಾರ ವೀಳ್ಯ ಹಿಡಿದರೋ ಆ ಪಂದ್ಯಕ್ಕೆ ಅವರ ಆಳು. ಮೂಲೆಯಲ್ಲಿ ನಿಂತು, ಎದುರಿನಿಂದ ಬಂದವನ ಕಾಲು ಹಿಡಿದು ಕೆಡವುವುದೇ ಅವರ ಕೆಲಸ. ನಾನು ಬಲ್ಲದ್ದು ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಕೈ. ಅವರ ಮೊಣಕಾಲಿಗೆ ಬಿಸಿ ಉಪ್ಪಿನ ಶಾಖ ಕೊಡುವುದಷ್ಟೇ ನನ್ನ ಪಾಲಿನ ಕಬಡ್ಡಿ.

ಒಂದು ವರ್ಷ ಮಸ್ಕಿಯಲ್ಲಿ ಪಂದ್ಯ. ಅಜ್ಜ ಹಿಡಿದದ್ದು ಲಿಂಗಸುಗೂರಿನ ವೀಳ್ಯ. ಎದುರಿಗೆ ಮುದಗಲ್ಲಿನ ಹುಡುಗರು, ಅವರಲ್ಲಿ ನನ್ನ ತಮ್ಮ ಬಸಣ್ಣ.

"ಬಸಣ್ಣನ ಕಾಲು ಹಿಡೀಬ್ಯಾಡ್ರಿ. ಮುಂದಿನ ವಾರ ಅವನ ಲಗ್ನ ಐತಿ," ಎಂದೆ.

"ಹುಚ್ಚಿ, ವೀಳ್ಯೆ ತಗೊಂಡೀನಿ. ನನ್ನ ಮೂಲಿಗೆ ಬರಬ್ಯಾಡಂತ ನಿನ್ನ ತಮ್ಮಗ ಹೇಳು," ಎಂದು ನಕ್ಕರು.

"ನನ್ನ ಆಣಿ ಐತಿ ನಿಮಗ."

ಅವರು ಚಪ್ಪಲಿ ಮೆಟ್ಟಿ ಹೊರಟರು.

ಹೆಂಗಸರು ಆಟಕ್ಕೆ ಹೋಗುವ ರೂಢಿ ಇರಲಿಲ್ಲ. ಸಂತೆಯ ನೆಪ ಹೇಳಿ ನಾನೂ ಬಸ್ಸು ಹತ್ತಿದೆ. ಸೆರಗನ್ನು ಮೂಗಿನವರೆಗೆ ಎಳೆದು ಮೈದಾನದ ಗಿಡ್ಡ ಗೋಡೆಯಾಚೆ ನಿಂತೆ. ಗೆರೆಯ ಆ ಕಡೆಯಿಂದ ಬಸಣ್ಣ ಕೂಗಿದ: "ಏನ್ ಮಾವ, ಕೈಗೆ ಗೋರಂಟಿ ಹಚ್ಕೊಂಡೀರೇನು?" ಜನ ನಕ್ಕರು. ಅವನು ಕಬಡ್ಡಿ ಎನ್ನುತ್ತ ನೇರ ನಿಮ್ಮಜ್ಜನ ಮೂಲೆಗೇ ನುಗ್ಗಿದ.

ಅಜ್ಜನದು ರೂಢಿಯ ಕೈ, ತಾನಾಗಿ ಹೋಗಿ ಹರಡನ್ನು ಹಿಡಿದುಬಿಟ್ಟಿತು. ಆಮೇಲೆ ನನ್ನ ಆಣೆ ನೆನಪಾಗಿರಬೇಕು. ಬೆರಳು ಸಡಿಲಾದದ್ದನ್ನು ನಾನು ಕಂಡೆ. ಬಸಣ್ಣ ಪೂರ್ತಿ ಬಲ ಹಾಕಿ ಎಳೆಯುತ್ತಿದ್ದ. ಪಾದ ಆ ಅರ್ಧ ಹಿಡಿತದಲ್ಲೇ ಉಳಿಯಿತು, ಮೈ ತಿರುಗಿ ಗೆರೆಯತ್ತ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದಂಥ ಸಪ್ಪಳ ಗೋಡೆಯಾಚೆಗೂ ಕೇಳಿಸಿತು.

ಹಳೆಯ ಆಟಗಾರರೊಬ್ಬರು ಅಜ್ಜನ ಭುಜ ಹಿಡಿದು ಅಲುಗಿಸಿದರು. "ಹಿಡಿದ್ರ ಪೂರಾ ಹಿಡೀಬೇಕು, ಇಲ್ಲಾ ಮುಟ್ಟಬಾರ್ದು. ಅರ್ಧ ಹಿಡಿದಾವನೇ ಕಾಲು ಮುರಿಯಾವ. ಇಷ್ಟು ವರ್ಷ ಆಡಿ ನಿನಗ ಗೊತ್ತಿಲ್ಲೇನಲೇ?"

ಅಜ್ಜ ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

ಲಿಂಗಸುಗೂರಿನವರು, ಇವನು ಎರಡೂ ಕಡೆಯ ವೀಳ್ಯ ತಿಂದ ಎಂದರು. ನನ್ನ ತವರಿನವರು, ಬೇಕೆಂದೇ ಮುರಿದ ಎಂದರು. ಮುಂದೆ ನಮ್ಮ ಹೊಸ್ತಿಲಿಗೆ ವೀಳ್ಯ ಬರಲಿಲ್ಲ. ತೊಂಬತ್ತರ ದಶಕ ದಾಟಿದರೂ ಅಜ್ಜ ಮೈದಾನದ ದಾರಿ ಹಿಡಿಯಲಿಲ್ಲ. ಬಸಣ್ಣಜ್ಜ ಇಂದಿಗೂ ಕುಂಟುತ್ತಾರೆ. ಆಣೆ ಹಾಕಿದವಳು ನಾನೆಂದು ಅಜ್ಜ ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇದನ್ನು ಬಸಣ್ಣಜ್ಜನಿಗೆ ಓದಿ ಹೇಳಿರಿ.

ಇಷ್ಟು ಬರೆದು ತಲೆಯೆತ್ತಿದೆ. ಕಿರಿಯವಳು ಬಾಗಿಲಲ್ಲಿ ನಿಂತಿದ್ದಳು, ಹತ್ತಿರ ಬರಲು ಇನ್ನೂ ಅಂಜಿಕೆ. ಕಾಲು ಚಾಚಿದೆ.

"ಬಾಯಿಲ್ಲಿ. ಮತ್ತ ಹಿಡಿ. ನಾ ಎಷ್ಟು ಒದರಿದ್ರೂ ಬಿಡಬ್ಯಾಡ."