ಕ್ಲೋವರ್‌ನ ಜೀನು ಸರಿಪಡಿಸಲು ಲೀಡ್ಸ್‌ಗೆ

ಶನಿವಾರ ಬೆಳಿಗ್ಗೆ ಡರ್ಬಿಯಲ್ಲಿ ರೈಲು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಉಣ್ಣೆಯ ಫೆಲ್ಟ್ ತುಂಡುಗಳೇ ಹೆಚ್ಚಾಗಿದ್ದವು. ಲೀಡ್ಸ್‌ನಲ್ಲಿ ಡಾಕ್ಟರಾಗಿರುವ ಗೆಳತಿ ಶಾಲಿನಿ ಹಿಂದಿನ ಸಂಜೆ ಫೋನ್ ಮಾಡಿದ್ದಳು. ಅವಳ ಹೆಣ್ಣು ಕುದುರೆ ಕ್ಲೋವರ್ ಜೀನು ಕಂಡರೆ ಕಚ್ಚಲು ಬರುತ್ತಿತ್ತು. ಆ ವಾರ ಅವಳನ್ನು ಕೆಡವಿಯೂ ಇತ್ತು. ಪಶುವೈದ್ಯರು ಬಂದು ನೋಡಿ, ಕಾಯಿಲೆಯೇನಿಲ್ಲ, ಜೀನು ಪರೀಕ್ಷಿಸಿ ಎಂದಿದ್ದರಂತೆ. ಶಾಲಿನಿ ಮಾತ್ರ ಕುದುರೆಯನ್ನೇ ಮಾರುವ ಯೋಚನೆಯಲ್ಲಿದ್ದಳು. ನಾನು ಎಂಜಿನ್ ಕಾರ್ಖಾನೆಯ ಉದ್ಯೋಗಿಯಾದರೂ ಜೀನು ಹೊಂದಿಸುವ ಕೆಲಸವನ್ನು ಕ್ರಮವಾಗಿ ಕಲಿತವಳು. ನಾನು ಬಂದು ನೋಡುವವರೆಗೆ ಯಾರಿಗೂ ಮಾತು ಕೊಡಬೇಡ ಎಂದಿದ್ದೆ.

ಚೆಸ್ಟರ್‌ಫೀಲ್ಡ್‌ನ ಚರ್ಚಿನ ಸೊಟ್ಟ ಗೋಪುರ ಕಿಟಕಿಯಲ್ಲಿ ಹಾದುಹೋಯಿತು. ಶೆಫೀಲ್ಡ್ ದಾಟುವಷ್ಟರಲ್ಲಿ ಸೋನೆ ಹಿಡಿದಿತ್ತು. ಲೀಡ್ಸ್ ನಿಲ್ದಾಣದ ಹೊರಗೆ ಶಾಲಿನಿ ಕಾರಿನಲ್ಲಿ ಕಾದಿದ್ದಳು. ಡಬ್ಬಿಯಲ್ಲಿ ಬಿಸಿ ಗೋಳಿಬಜೆ ತಂದಿದ್ದಳು. ತಾನು ಒಂದನ್ನೂ ಮುಟ್ಟಲಿಲ್ಲ.

“ಮೊದಲು ಹೀಗಿರಲಿಲ್ಲ ಮಾರಾಯ್ತಿ. ಈಗ ಹತ್ತಿರ ಹೋಗ್ಲಿಕ್ಕೇ ಹೆದರಿಕೆ ಆಗ್ತದೆ,” ಎಂದಳು.

ಆಟ್ಲಿ ಕಡೆಯ ಗುಡ್ಡದ ಮೇಲೆ ಲಾಯ. ಗಾಳಿ ಕಿವಿ ಕತ್ತರಿಸುವಂತಿತ್ತು. ಲಾಯದ ಒಡತಿ ಮಾರ್ಗರೆಟ್ ಕುದುರೆಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿದರು. ನಾನು ಅಡಿಗೆ ಬಟ್ಟೆ ಹಾಸದೆ ಬರೀ ಜೀನನ್ನು ಅದರ ಬೆನ್ನಿನ ಮೇಲಿಟ್ಟು ಹಿಂದೆ ನಿಂತು ನೋಡಿದೆ. ಜೀನು ಎಡಕ್ಕೆ ವಾಲಿತ್ತು. ಚಳಿಗಾಲದಲ್ಲಿ ಸವಾರಿ ಕಡಿಮೆಯಾಗಿ ಕ್ಲೋವರ್‌ನ ಮಾಂಸ ಇಳಿದಿತ್ತು. ಎಡ ಹೆಗಲಿನ ಹಿಂದೆ ಗುಳಿ ಬಿದ್ದು ಜೀನಿನ ಮುಂಭಾಗ ಅಲ್ಲಿ ಕುಸಿಯುತ್ತಿತ್ತು. ಬೆರಳು ಒತ್ತಿದರೆ ಚರ್ಮ ನಡುಗಿತು.

“ದಪ್ಪ ಪ್ಯಾಡ್ ಹಾಕಿದರೆ ಸಾಕಲ್ಲವೇ?” ಎಂದರು ಮಾರ್ಗರೆಟ್.

“ಎಲ್ಲ ಕಡೆ ಹಾಕಿದರೆ ವಾಲುವುದು ಹಾಗೇ ಉಳಿಯುತ್ತೆ, ಬಿಗಿಯೂ ಆಗುತ್ತೆ,” ಎಂದೆ.

ನಾಲ್ಕು ಮೂಲೆಗೂ ಜೇಬಿರುವ ಪ್ಯಾಡ್ ತಂದಿದ್ದೆ. ಎಡ ಮುಂದಿನ ಜೇಬಿಗೆ ಮಾತ್ರ ಎರಡು ಪದರ ಫೆಲ್ಟ್ ಸೇರಿಸಿದೆ. ಜೀನು ಬಲಕ್ಕೆ ಸರಿಯಿತು. ಒಂದು ಪದರ ತೆಗೆದು, ಉಳಿದದ್ದರ ಅಂಚನ್ನು ಕತ್ತರಿಯಿಂದ ಇಳಿಜಾರಾಗಿ ತೆಳ್ಳಗೆ ಮಾಡಿದೆ. ಈಗ ನಡುವೆ ಕೂತಿತು. ಜೀನಿನಡಿ ಕೈ ತೂರಿಸಿದರೆ ಎರಡೂ ಕಡೆ ಒತ್ತಡ ಒಂದೇ ಸಮ.

ಹೊಟ್ಟೆಯ ಪಟ್ಟಿ ಬಿಗಿಯುವಾಗ ಶಾಲಿನಿ ಹಿಂದೆ ಸರಿದಳು. ಕ್ಲೋವರ್ ಕಿವಿ ಮಡಚಿ ತಲೆ ತಿರುಗಿಸಿತು, ಕಚ್ಚಲಿಲ್ಲ. ಮೊದಲು ನಾನೇ ಹತ್ತಿ ಅಂಗಳದಲ್ಲಿ ಸುತ್ತು ಹಾಕಿದೆ. ಸ್ವಲ್ಪ ಹೊತ್ತಿಗೆ ಕುದುರೆ ಕತ್ತು ಇಳಿಸಿ ಉದ್ದಕ್ಕೆ ಉಸಿರು ಬಿಟ್ಟಿತು.

“ಈಗ ನೀನು ಹತ್ತು ಕಣೆ.”

“ಇವತ್ತೇ ಬೇಕಾ?”

“ನೀನೇ ನೋಡು. ಬೇಡ ಅನ್ನಿಸಿದರೆ ಇಳಿ, ನಾನು ಪಕ್ಕದಲ್ಲೇ ಇರ್ತೀನಿ.”

ಅವಳು ಹತ್ತಿದಳು. ನಾನು ಹಗ್ಗ ಹಿಡಿದು ನಡೆದೆ. ಮೂರನೆಯ ಸುತ್ತಿಗೆ ಅವಳೇ, “ಬಿಡು,” ಎಂದಳು.

ಜೀನು ಇಳಿಸಿ ನೋಡಿದಾಗ ಬೆನ್ನಿನ ಮೇಲೆ ಬೆವರಿನ ಗುರುತು ಎರಡೂ ಕಡೆ ಸಮವಾಗಿ ಮೂಡಿತ್ತು. ಇದು ಸದ್ಯದ ಏರ್ಪಾಡು, ಮಾಂಸ ತುಂಬಿದ ಹಾಗೆ ಫೆಲ್ಟ್ ತೆಗೆಯಬೇಕು, ಜೀನಿನೊಳಗಿನ ಉಣ್ಣೆಯನ್ನೂ ಹೊಸದಾಗಿ ತುಂಬಿಸಬೇಕು ಎಂದು ಹೇಳಿದೆ. ಶಾಲಿನಿ ತಲೆಯಾಡಿಸಿದಳು. ಮಾರುವ ಮಾತು ಮತ್ತೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಮಾರ್ಗರೆಟ್ ನನ್ನನ್ನು ಲಾಯದಿಂದ ನಿಲ್ದಾಣಕ್ಕೆ ಬಿಡಲು ಹೊರಟರು. ಕಾರು ಇಳಿಜಾರು ಹಿಡಿದಾಗ ತಿರುಗಿ ನೋಡಿದೆ. ಬೇಲಿಯಾಚೆಯ ಹಾದಿಯಲ್ಲಿ ಶಾಲಿನಿಯನ್ನು ಹೊತ್ತು ಕ್ಲೋವರ್ ಓಡುನಡಿಗೆಯಲ್ಲಿ ಸಾಗುತ್ತಿತ್ತು. ನಾನು ಕೈ ಬೀಸಿದೆ. ಅವಳಿಗೆ ಈ ಕಡೆ ನೋಡಲು ಪುರುಸೊತ್ತಿರಲಿಲ್ಲ.